ಲ್ಯಾಂಡ್‌ಮಾಸ್ಟರಿನ ಒಳದೀಪ

ತಿಪಟೂರು
೧೮ ಮೇ ೨೦೦೯, ಸೋಮವಾರ

ಪ್ರೀತಿಯ ಗಂಗೂ,

"ದಾರಿ ತೋರ್ಸಕ್ಕಲ್ಲ ಕಣ್ಲಾ ಅದು, ಕಾರು ಬತ್ತೈತೆ ಅಂತ ಊರಿಗೆ ಹೇಳಕ್ಕೆ" ಎಂದು ನಮ್ಮ ಹಳೆಯ ಲ್ಯಾಂಡ್‌ಮಾಸ್ಟರ್ ಕಾರಿನ ದೀಪಗಳ ಬಗ್ಗೆ ಅಂದದ್ದು ಅಪ್ಪನೋ ಡ್ರೈವರ್ ಕರೀಂ ಸಾಬರೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಮಾತು ಕಿವಿಯಲ್ಲಿದೆ, ಬಾಯಿ ಯಾರದೆಂಬುದು ಹೋಗಿದೆ. ಇರಲಿ, ಮೊದಲು ನಿನ್ನ ಮಂಡಿ ಹೇಗಿದೆ ತಿಳಿಸು. ದಾವಣಗೆರೆಯ ಬಿಸಿಲು ಈ ಸಲ ಹೆಚ್ಚಂತೆ. ಹಾಸ್ಟೆಲಿನ ಮೆಟ್ಟಿಲು ಹತ್ತಿಳಿಯುವ ಕೆಲಸವನ್ನು ಅಡುಗೆಯವಳಿಗೆ ಬಿಡು. ಅಟ್ಟದಿಂದ ಇಳಿಸಿದ ಮೊದಲ ಕೊಬ್ಬರಿಯಲ್ಲಿ ನಿನ್ನ ಪಾಲು ತೆಗೆದಿಟ್ಟಿದ್ದೇವೆ. ಬೋರಮ್ಮ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ್ದಾಳೆ. ನಿನ್ನ ಅತ್ತಿಗೆಗೆ ಬೇರೆಯವರ ಕಿವಿಯ ಮೇಲೆ ನಂಬಿಕೆ ಇಲ್ಲ.

ಚೌಡೇಶ್ವರಿಯ ಮದುವೆ ಮುಗಿಯಿತು. ಮಗಳನ್ನು ಕಳಿಸಿದ ಮನೆ ಬಿಕೋ ಎನ್ನುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೇನೂ ಅನ್ನಿಸಲಿಲ್ಲ. ಸುಮ್ಮನೆ, ಒಂದು ಕೋಣೆಯ ಫ್ಯಾನು ತಿರುಗುತ್ತಿಲ್ಲ, ಅಷ್ಟೆ. ಫೋನಿನಲ್ಲಿ ನಿನಗೆ ಎಲ್ಲ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು "ಹ್ಞೂಂ, ಹ್ಞೂಂ" ಎಂದು ಮಾತನ್ನು ಬೇಗ ಮುಗಿಸಿಬಿಡುತ್ತೀಯ. ಕಾಗದವನ್ನಾದರೆ ಕೊನೆಯವರೆಗೆ ಓದುತ್ತೀಯ ಎಂಬ ಧೈರ್ಯ. ಪೂರಕ ಪರೀಕ್ಷೆಯ ಹುಡುಗಿಯರು ಹಾಸ್ಟೆಲಿನಲ್ಲೇ ಉಳಿದಿದ್ದಾರೆ, ಬರಲಾಗುವುದಿಲ್ಲ ಎಂದು ನೀನು ನನಗೆ ಬರೆದಿದ್ದೆ. ಬೋರಮ್ಮನಿಗೆ ಬೇರೆಯದನ್ನೇ ಹೇಳಿದ್ದೀಯ: "ನಾನು ಬಂದ್ರೆ ಜನ ನನ್ ಮುಖ ನೋಡಿ, ಆಮೇಲೆ ಮಗೀನ ಮೈ ಹುಡುಕ್ತಾರೆ ಅತ್ತಿಗೆ." ಅದನ್ನು ಅವಳು ನನಗೆ ಹೇಳಿದ್ದು ಚಪ್ಪರದ ಹಿಂದಿನ ದಿನ. ನೀನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೋದ ವರ್ಷ ಚೌಡುವಿನ ಕಿವಿಯ ಹಿಂದೆ ಕಾಣಿಸಿಕೊಂಡ, ನಿನ್ನ ಮುಖದ ಮೇಲಿರುವಂಥದೇ ಬಿಳಿ ಮಚ್ಚೆ ಈಗ ದವಡೆಯವರೆಗೆ ಇಳಿದಿದೆ.

ಬೀಗರಿಗೆ ನಾವು ಮುಚ್ಚಿಟ್ಟಿರಲಿಲ್ಲ. ನೊಣವಿನಕೆರೆಗೆ ನಾನೇ ಹೋಗಿ ದೊಡ್ಡರಂಗಯ್ಯನವರಿಗೆ ಹೇಳಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ಅಯ್ಯೋ ಬುಡಿ ಭೀಮರಾಜಣ್ಣ, ಕೊಬ್ಬರಿ ಪುಡಿ ಫ್ಯಾಕ್ಟ್ರೀಲಿ ಮಿಷಿನ್ ಪಕ್ಕ ನಿಂತೂ ನಿಂತೂ ನನ್ ಮಗಂಗೆ ಒಂದ್ ಕಿವೀನೇ ಕೇಳಲ್ಲ. ನಿಮ್ ಹುಡ್ಗಿ ಕಿವಿ ಹಿಂದೆ ಏನಿದ್ರೇನು, ಮುಂದೆ ನಿಂತು ಜೋರಾಗಿ ಮಾತಾಡಿದ್ರೆ ಸಾಕು" ಅಂದರು. ಹುಡುಗನೂ ನೋಡಿದ್ದ, ಒಪ್ಪಿದ್ದ. ಆದರೆ ಮನೆ ಒಪ್ಪುವುದು ಬೇರೆ, ಊರು ನೋಡುವುದು ಬೇರೆ. ಅದು ನಿನಗೆ ಗೊತ್ತು. ಚಿಕ್ಕನಾಯಕನಹಳ್ಳಿಯ ಗಂಡನ ಮನೆಯಿಂದ ನಿನ್ನನ್ನು ಇದೇ ಕಾರಿನಲ್ಲಿ ವಾಪಸು ಕರೆತಂದ ಸಂಜೆ ಅಪ್ಪ ಒಳದೀಪ ಹಾಕಲಿಲ್ಲ. ನಾನು ಮುಂದೆ ಕೂತಿದ್ದೆ. ಹಿಂದೆ ನೀನು ಇದ್ದೀಯೋ ಇಲ್ಲವೋ ಎಂಬಷ್ಟು ಕತ್ತಲು. ಬೋರಮ್ಮ ಆ ಭಯದಲ್ಲೇ ಪೌಡರು, ಮಲ್ಲಿಗೆ ದಂಡೆ, ಸೆರಗಿನ ಪಿನ್ನು ಎಲ್ಲ ಸಿದ್ಧ ಮಾಡಿಕೊಂಡಿದ್ದಳು. ಮೆರವಣಿಗೆಯೊಂದು ದಾಟಿಬಿಟ್ಟರೆ ಆಮೇಲೆ ಊರಿಗೆ ಹುಡುಗಿ ಹಳಬಳಾಗುತ್ತಾಳೆ ಎಂಬುದು ಅವಳ ಲೆಕ್ಕ.

ಈ ನಡುವೆ ಕಾರಿನ ಕಥೆ ಬೇರೆ. ಚೈತ್ರದಲ್ಲಿ ಹಾಲ್ಕುರಿಕೆಯ ಒಂದು ಮದುವೆಗೆ ಕೊಟ್ಟಿದ್ದೆವು. ಓಲಗದವರ ಹಿಂದೆ ಹೆಜ್ಜೆ ಹೆಜ್ಜೆಗೆ ನಿಂತು ಹೋಗುವಾಗ ಹಳೆಯ ಡೈನಮೋ ಚಾರ್ಜು ಮಾಡುವುದಿಲ್ಲವಲ್ಲ, ದೀಪಗಳೆಲ್ಲ ಬ್ಯಾಟರಿಯನ್ನು ಹೀರಿ, ಮಠದ ಮುಂದೆ ಕಾರು ನಿಂತೇ ಹೋಯಿತು. ಬಾಸಿಂಗ ಕಟ್ಟಿಕೊಂಡ ಮದುಮಗನೇ ಇಳಿದು ತಳ್ಳಿದನಂತೆ. ಕರೀಂ ಸಾಬರಿಗೆ ಅದು ಅವಮಾನ. ಅಪ್ಪ ಸ್ಟೀರಿಂಗು ಬಿಟ್ಟ ಮೇಲೆ ಆ ಕಾರು ಅವರದೇ ಅಲ್ಲವೇ, ಕಾಗದದಲ್ಲಿ ಮಾತ್ರ ನನ್ನದು. "ಎಲ್‌ಇಡಿ ಹಾಕ್ಬುಡಾಣ ಕಣ್ರೀ, ಬ್ಯಾಟ್ರಿ ಮುಟ್ಟಾದೇ ಇಲ್ಲ" ಎಂದು ಬೆಂಗಳೂರಿನಿಂದ ಒಂದು ಡಬ್ಬಿ ತರಿಸಿದರು. ಹೆಡ್‌ಲೈಟಿಗೆ ಕೈ ಹಚ್ಚುವುದಿಲ್ಲ, ಪಕ್ಕದ್ದು, ಹಿಂದಿನ ಕೆಂಪು, ಒಳಗಿನದು, ಇಷ್ಟು. ಬೋರಮ್ಮ ಒಂದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಣಗಿದ ಕಾಯಿ ಸದ್ದು ಮಾಡಿದರೆ ಕೊಬ್ಬರಿ ಆಗಿದೆ, ಬಲ್ಬು ಸದ್ದು ಮಾಡಿದರೆ ಸತ್ತಿದೆ. ನಮ್ಮ ಮನೆಯ ಶಾಸ್ತ್ರ. "ಇದೇನ್ ಸಾಬ್ರೇ, ಉಸ್ರೇ ಎತ್ತಲ್ಲ. ಬದುಕೈತೋ, ಹೋಗೈತೋ?" ಅಂದಳು. ಸಾಬರು, "ತಣ್ಣಗಿರೋದೇ ಇದ್ರ ಗುಣ ಕಣಮ್ಮ, ನಿಮ್ಮಂಗಲ್ಲ" ಅಂದರು.

ಹಾಕಿದರೆ ಒಂದೂ ಹತ್ತಲಿಲ್ಲ. ಹಳೆಯದನ್ನು ಹಾಕಿದರೆ ಹತ್ತುತ್ತದೆ, ಹೊಸದು ಇಲ್ಲ. ಸಾಬರು ಅಂಗಡಿಯವನಿಗೆ ಫೋನಿನಲ್ಲಿ ಉರ್ದುವಿನಲ್ಲಿ ಬೈದು, ಅವನಿಂದ ತಿಳಿದುಕೊಂಡು, ನಗುತ್ತಾ ಬಂದರು. ಈಗಿನ ಕಾರುಗಳ ಮೈಗೆಲ್ಲ ಬ್ಯಾಟರಿಯ ಮೈನಸ್ಸು ಕಟ್ಟಿರುತ್ತದೆ, ನಮ್ಮ ಲ್ಯಾಂಡ್‌ಮಾಸ್ಟರಿನ ಮೈಗೆ ಪ್ಲಸ್ಸು. ಹಳೆಯ ಬಲ್ಬಿಗೆ ಯಾವ ಕಡೆಯಿಂದ ಕರೆಂಟು ಬಂದರೂ ಒಂದೇ, ಇವು ಒಂದೇ ಕಡೆಯಿಂದ ಬಂದರೆ ಮಾತ್ರ ಕಣ್ಣು ಬಿಡುತ್ತವೆ. ಒಳದೀಪ ಮಾತ್ರ ಪುಟ್ಟ ಕೊಳವೆಯಂಥದ್ದು, ಎರಡು ತುದಿಗೂ ಒಂದೇ ಥರದ ಟೋಪಿ. ತಲೆಕೆಳಗಾಗಿ ಕೂರಿಸಿದ ತಕ್ಷಣ ಫಕ್ಕನೆ ಹೊತ್ತಿಕೊಂಡಿತು. ಡಬ್ಬಿಯೆಲ್ಲ ದಂಡವಾಗಿ ಅದೊಂದು ಉಳಿಯಿತು. ಹೊರಗೆ ಐವತ್ತು ವರ್ಷ ಹಳೆಯ ಹಳದಿ, ಒಳಗೆ ಆಪರೇಷನ್ ಕೋಣೆಯ ಬಿಳಿ. ಚೆನ್ನಾಗಿದೆ ಎಂದೇ ನಮಗೆಲ್ಲ ಅನ್ನಿಸಿತು. ಹಗಲು ಹೊತ್ತಿನಲ್ಲಿ, ಖಾಲಿ ಕಾರಿನಲ್ಲಿ ನೋಡಿದ್ದು.

ಧಾರೆಯಾದ ಸಂಜೆ ದೀಪ ಹಚ್ಚುವ ಹೊತ್ತಿಗೆ ನೊಣವಿನಕೆರೆಯಲ್ಲಿ ಮೆರವಣಿಗೆ ಹೊರಟಿತು. ಸಾಬರು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಚೌಡು, ಅಳಿಯ, ಬೋರಮ್ಮ. ಹೆಣ್ಣು ಊರು ಹೊಗುವಾಗ ಒಳದೀಪ ಹಾಕಿರಬೇಕು. ಬಾಗಿಲು ಬಾಗಿಲಿಗೆ ಆರತಿ ಹಿಡಿದು ನಿಂತ ಹೆಂಗಸರಿಗೆ ಮುಖ ಕಾಣಬೇಕು, ಅದಕ್ಕೇ ಅಲ್ಲವೇ ನಮ್ಮ ಕಾರನ್ನು ಜನ ಕೇಳಿ ಒಯ್ಯುವುದು. ಸಾಬರು ಹೆಮ್ಮೆಯಿಂದ ಗುಂಡಿ ಒತ್ತಿದರು. ನಾನು ಹಿಂದಿರುಗಿ ನೋಡಿದೆ. ಹಳೆಯ ಬಲ್ಬಿನಲ್ಲಿ ಅರಿಸಿನವೂ ಚಿನ್ನವೂ ಮೈಯೂ ಒಂದೇ ಬಣ್ಣವಾಗಿ ಬೆರೆತುಹೋಗುತ್ತಿದ್ದವು. ಈ ಬಿಳಿಯಲ್ಲಿ ಅರಿಸಿನ ಬೇರೆ, ಪೌಡರು ಬೇರೆ, ಬೆವರು ಬೇರೆ, ಬೆವರಿಗೆ ಪೌಡರು ಇಳಿದ ಕಡೆ ಮಚ್ಚೆ ಬೇರೆ. ಯಾರೋ ಎಲ್ಲವನ್ನೂ ಬಿಡಿಸಿ ಇಟ್ಟ ಹಾಗೆ.

ದೊಡ್ಡರಂಗಯ್ಯನವರ ಚಿಕ್ಕಮ್ಮ ಒಬ್ಬರಿದ್ದಾರೆ, ಬೆನ್ನು ಬಾಗಿದ ಮುದುಕಿ. ಕಿಟಕಿಯೊಳಗೆ ತಲೆಯನ್ನೇ ತೂರಿಸಿದರು. "ಇದೇನೇ ತಾಯಿ, ಕಿವಿ ತಾವ ಬೆಳ್ಳಗೆ?" ಅಂದದ್ದು ಓಲಗದ ಸದ್ದಿನಲ್ಲೂ ಎಲ್ಲರಿಗೂ ಕೇಳಿಸಿತು. ಅವರ ಹಿಂದೆ ಇನ್ನೂ ಏಳೆಂಟು ತಲೆಗಳು ಬಂದವು. ಬೋರಮ್ಮನ ಕೈ ಸೆರಗಿಗೆ ಹೋಯಿತು. ಕಾರು ಮುಂದೆ ಹೋಗುವಂತಿಲ್ಲ, ಓಲಗದವರು ನಿಂತಿದ್ದಾರೆ. ನಾನು ಕೈ ಎತ್ತಿ ಗುಂಡಿ ಮುಟ್ಟಿದೆ. ಆಗ ಚೌಡು, "ಅಪ್ಪಾ, ಆರಿಸ್ಬ್ಯಾಡ. ಆರಿಸಿದ್ರೆ ಇನ್ನೂ ಏನೇನೋ ಐತೆ ಅಂದ್ಕತಾರೆ" ಅಂದಳು. ಅಳುತ್ತಾ ಅಂದಳೆಂದು ನೀನು ತಿಳಿಯಬಾರದು. ಚಿಲ್ಲರೆ ಸರಿಯಿಲ್ಲ ಎಂದು ಕಂಡಕ್ಟರಿಗೆ ಹೇಳುವಂತೆ ಅಂದಳು. ಮಲ್ಲಿಗೆ ದಂಡೆಯನ್ನು ತಾನೇ ಹಿಂದಕ್ಕೆ ಸರಿಸಿ ಕಿವಿಯನ್ನು ಕಿಟಕಿಯ ಕಡೆ ತಿರುಗಿಸಿದಳು. "ಬಿಳಿ ಮಚ್ಚೆ ಕಣಜ್ಜಿ. ಅಂಟಲ್ಲ, ಮುಟ್ಟಿ ನೋಡು. ನಮ್ ಸೋದರತ್ತೆಗೂ ಐತೆ." ಮುದುಕಿ ನಿಜವಾಗಿಯೂ ಮುಟ್ಟಿತು, ಸಂತೆಯಲ್ಲಿ ಸೀರೆಯ ಬಟ್ಟೆ ನೋಡುವ ಹಾಗೆ, ಎರಡು ಬೆರಳಲ್ಲಿ. "ನಿಮ್ಮತ್ತೆ ಏನ್ಮಾಡ್ತಾಳೆ?" "ದಾವಣಗೆರೇಲಿ ಹಾಸ್ಟೆಲ್ ನೋಡ್ಕಂತಾರೆ. ದಿನಾ ನೂರಾರು ಹೆಣ್ಮಕ್ಳಿಗೆ ಊಟ ಹಾಕ್ತಾರೆ." ಅಳಿಯನಿಗೆ ಆ ಕಡೆಯ ಕಿವಿ ಕೇಳುವುದಿಲ್ಲ. "ಏನಂತೆ, ಊಟ ಆಗಿಲ್ವಂತಾ?" ಎಂದು ಜೋರಾಗಿ ಕೇಳಿದ. ಕಿಟಕಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಚೌಡುವೂ ನಕ್ಕಳು. ನಗು ಆರಿದ ಮೇಲೆ ಅಜ್ಜಿ, "ಅಲ್ಲಾ ಕಣೇ, ಅಷ್ಟೆಲ್ಲಾ ಮಾಡೋಳು ನಿನ್ ಮದ್ವೆಗೆ ಬಂದಿಲ್ವಾ?" ಎಂದು ಕೇಳಿತು. ಹುಡುಗಿ ನನ್ನ ಕಡೆ ನೋಡಿದಳು. ನಾನು ಓಲಗದವರ ಕಡೆ ತಿರುಗಿಕೊಂಡೆ.

ಆಮೇಲೆ ಓಲಗ ಮುಂದೆ ಸರಿಯಿತು. ಊರೆಲ್ಲ ಸುಮ್ಮನಾಯಿತೆಂದು ಬರೆದರೆ ಅದು ನಿಜವಲ್ಲ. ಎರಡು ಮೂರು ಬಾಗಿಲಲ್ಲಿ ಗುಸುಗುಸು ಇತ್ತು. ಒಬ್ಬಳು ಆರತಿ ಎತ್ತದೆ ಒಳಗೆ ಹೋದಳು. ಸಾಬರು ದಾರಿಯುದ್ದಕ್ಕೂ ತಮಗೆ ತಾವೇ ಬೈದುಕೊಂಡರು, "ಹಳೇದು ಇದ್ರೆ ಏನಾಗ್ತಿತ್ತು, ಕೈ ಸುಮ್ಕಿರಲ್ಲ ನಂದು." ವಾಪಸು ಬರುವಾಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಟೀ ಕುಡಿಯುತ್ತಾ, ಆ ಬಲ್ಬು ತೆಗೆದುಹಾಕುತ್ತೇನೆ ಎಂದರು. ಬೋರಮ್ಮ ಬೇಡ ಅಂದಳು. ನನಗೆ ಆ ಬೆಳಕು ಈಗಲೂ ಇಷ್ಟವಿಲ್ಲ. ಮನುಷ್ಯನ ಮುಖವನ್ನು ಅಷ್ಟು ಬಿಡಿಸಿ ನೋಡುವ ಅಗತ್ಯ ಯಾರಿಗಿದೆ ಎನ್ನಿಸುತ್ತದೆ. ಆದರೆ ಅದರಲ್ಲಿ ನನ್ನ ಮಗಳು ಇದ್ದಳು, ಪೂರ್ತಿ ಇದ್ದಳು. ಇಪ್ಪತ್ತಮೂರು ವರ್ಷ ಸಾಕಿದವಳನ್ನು ಮೊದಲ ಸಲ ನೋಡಿದಂತಾಯಿತು ಎಂದರೆ ನೀನು ನಗುತ್ತೀಯ. ನಗು.

ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು. ಹುಡುಗಿಯರಿಗೆಲ್ಲ ಬಡಿಸಿ ಸಾಕಾಯಿತೆಂದು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಬೇಡ. ಬೋರಮ್ಮ ನೆನೆದಿದ್ದಾಳೆ, ಸಾಬರು ಸಲಾಂ ಹೇಳಿದ್ದಾರೆ. ಅವ್ವ ಇದ್ದಿದ್ದರೆ ಕೊಡುತ್ತಿದ್ದ ಆಶೀರ್ವಾದವನ್ನೂ ಸೇರಿಸಿ ನಾನೇ ಕೊಡುತ್ತಿದ್ದೇನೆ.

ನಿನ್ನ ಅಣ್ಣ,
ಭೀಮರಾಜು

ಮರೆತ ಮಾತು: ಅಂಚೆಯವನು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬರುವ ಭಾನುವಾರ ನಮ್ಮಲ್ಲಿ ಬೀಗರೂಟ. ಚೌಡು ಬೆಳಗ್ಗೆ ಫೋನು ಮಾಡಿ, ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆ ಸೋದರತ್ತೆಯದು, ಅಲ್ಲಿ ಬೇರೆ ಯಾರನ್ನೂ ಕೂರಿಸಕೂಡದು ಅಂದಿದ್ದಾಳೆ. ನಿನ್ನ ಮುಖ ನೋಡಿ ಹುಡುಗಿಯ ಮೈಯಲ್ಲಿ ಇನ್ನು ಯಾರೂ ಏನನ್ನೂ ಹುಡುಕಬೇಕಾಗಿಲ್ಲ, ಗಂಗೂ, ಅದು ಮುಗಿಯಿತು. ಶನಿವಾರದ ರೈಲಿಗೆ ಬಂದರೆ ಸ್ಟೇಷನ್ನಿಗೆ ಕಾರು ತರುತ್ತೇನೆ. ಆ ಮುದುಕಿಯೂ ಬರುತ್ತದೆ, ಎದುರು ಪಂಕ್ತಿಯಲ್ಲಿ ಕೂರುತ್ತದೆ, ಖಾಲಿ ಎಲೆ ಕಂಡರೆ ಮತ್ತೆ ಕೇಳದೆ ಬಿಡುವುದಿಲ್ಲ. ಆಗ ಚೌಡು ಏನೆಂದು ಹೇಳಬೇಕು?