ಕೈ ನಿಲ್ಲಿಸಿದ ಚರಣ

ಶೋಮೊಡ್ ಸೀಮೆ, ೮ ನವೆಂಬರ್ ೧೯೦೪

ಪ್ರೀತಿಯ ತಂಗಿ ವೆರೋನಾ,

ಕ್ಷೇಮವಾಗಿದ್ದೇನೆ. ನನ್ನ ಮಂಡಿನೋವಿನ ಪುರಾಣ ಕೇಳುವವರು ಇಲ್ಲಿ ಯಾರೂ ಸಿಗದ ಕಾರಣ ಅದೂ ಕಡಿಮೆಯಾಗಿದೆ.

ಇಲ್ಲಿ ನೆಲೆಸಿರುವ ನಮ್ಮ ಸ್ಲೊವೀನ್ ಹೆಂಗಸರು ಇವತ್ತು ಕುಂಬಳಬೀಜ ಸುಲಿಯುತ್ತಿದ್ದರು. ಕಾಲೇಜಿನಲ್ಲಿ ಕಲಿತು ಅರ್ಧ ಮರೆತ ಇಂಗ್ಲಿಷಿನಿಂದ ನಾನು ನಮ್ಮ ಭಾಷೆಗೆ ತಂದ ಸಾವಿನ ಮನೆಯ ಹಾಡನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿದೆ. ಹಾಡು ಮನಸ್ಸಿಗೆ ನಾಟಿದರೆ ಸುಲಿಯುವ ಕೈ ತಾನಾಗಿ ನಿಲ್ಲುತ್ತದೆ, ನಿನಗೂ ಗೊತ್ತಲ್ಲ. ಎಂಟು ಚರಣ ಮುಗಿದರೂ ಒಂದು ಕೈಯೂ ನಿಲ್ಲಲಿಲ್ಲ.

"ಓದಿ ಪಾದ್ರಿಗಳೇ, ಓದಿ. ನಿಮ್ಮ ಹಾಡಿಗೆ ಕೆಲಸ ಚೆನ್ನಾಗಿ ಸಾಗ್ತಾ ಇದೆ!" ಎಂದಳು ತ್ರೇಜಾ ಅಜ್ಜಿ.

ಒಂಬತ್ತನೆಯ ಚರಣದ ಇಂಗ್ಲಿಷ್ ನನಗೆ ಬಗೆಹರಿಯದೆ, ನನ್ನ ಯುದಿತಾ ಬದುಕಿದ್ದಾಗ ಒಲೆಯ ಮುಂದೆ ಕೂತು ಹೇಳಿದ್ದನ್ನೇ ಬರೆದುಕೊಂಡಿದ್ದೆ: ಹೊಲಿಗೆ ಮುಗಿಯಿತೆಂದು ತಾಯಿ ದಾರ ಕಡಿಯುವ ಹಾಗೆ, ದೇವರೇ, ನನ್ನನ್ನು ಮೆಲ್ಲಗೆ ಬಿಡಿಸಿಕೊ.

ಅದನ್ನು ಓದಿದೆ, ಎಲ್ಲರ ಕೈಯೂ ನಿಂತಿತು. ಅಜ್ಜಿ ಕಣ್ಣೊರೆಸಿಕೊಂಡು, "ಇದು ನೀವು ಬರೆದಿದ್ದಲ್ಲ ಬಿಡಿ," ಎಂದಳು. ದೈವಶಾಸ್ತ್ರದ ಪರೀಕ್ಷೆಯಲ್ಲೂ ನನ್ನನ್ನು ಇಷ್ಟು ಬೇಗ ಯಾರೂ ಹಿಡಿದಿರಲಿಲ್ಲ.

ವೆರೋನಾ, ನನ್ನ ಹೆಂಡತಿ ಇಂಥ ಸಾಲುಗಳನ್ನು ಬರೆದಿಟ್ಟ ಚೀಟಿಗಳ ಬುಟ್ಟಿಯನ್ನು, "ಬರೀ ಅಡುಗೆಮನೆ ಮಾತು, ಒಲೆ ಹೊತ್ತಿಸೋಕೆ ಇಟ್ಕೋ" ಎಂದು ನಿನ್ನ ಕೈಗೆ ಕೊಟ್ಟು ಬಂದ ಮಹಾಪಂಡಿತ ನಾನು. ಉಳಿದಿದ್ದರೆ ಒಂದನ್ನೂ ಸುಡಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಉರಿಸಲು ಕಾಗದ ಬೇಕಾದರೆ ಕಪಾಟಿನಲ್ಲಿ ನಾನು ಮೂವತ್ತು ವರ್ಷ ಚರ್ಚಿನಲ್ಲಿ ಮಾಡಿದ ಉಪದೇಶಗಳ ಹಾಳೆಗಳಿವೆ. ಚೆನ್ನಾಗಿ ಒಣಗಿವೆ.

ಅಂಚೆ ಗಾಡಿ ಹೊರಡುವ ಹೊತ್ತಾಯಿತು.

ನಿನ್ನ ಅಣ್ಣ,
ಶ್ಟೆವಾನ್