‘ತಡ್ಕೊಳ್ಳಲ್ಲ’ ಅಂದಿದ್ದು

ಜೂನ್ 3, ಮಂಗಳವಾರ. ಸಂಜೆ 4

ಮಾರ್ನಿಂಗ್ ಡ್ಯೂಟಿ ಮುಗಿಸಿ ಬಂದೆ. ಇಪ್ಪತ್ತೆಂಟು ಬೆಡ್, ಇಬ್ಬರು ಸಿಸ್ಟರ್. ಅದರಲ್ಲೊಬ್ಬಳು ರಜೆ. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಬರೀತಿದ್ದೀನಿ. ನೀರಿಗೆ ಉಪ್ಪು ಹಾಕಿದ್ದು ನೋಡಿ ಅತ್ತೆ, “ಕಾಲನ್ನೇ ಉಪ್ಪಿನಕಾಯಿ ಹಾಕ್ತಿದ್ದೀಯೇನೇ?” ಅಂದರು. ಎಂಬತ್ತೆರಡಾಯ್ತು. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

ಎದುರಿಗೆ ಮಗಳು ಮೇಜಿಗೆ ಬಗ್ಗಿಕೊಂಡು ಫಾರ್ಮ್ ತುಂಬ್ತಿದ್ದಾಳೆ. ನರ್ಸಿಂಗ್ ಸ್ಕೂಲಿಂದು. ನಂಗೊಂದು ಮಾತು ಹೇಳದೆ ತಂದಿದ್ದಾಳೆ.

“ಅಮ್ಮ, ನೀನ್ಯಾಕೆ ನರ್ಸ್ ಆದೆ?”

“ನಮ್ಮಪ್ಪ ಫಾರ್ಮ್ ತಂದ್ರು. ಸಹಿ ಹಾಕು ಅಂದ್ರು. ಹಾಕ್ದೆ.”

“ಅಷ್ಟೇನಾ?”

“ಅಷ್ಟೇ. ಇಪ್ಪತ್ತಾರು ವರ್ಷ.”

ನಕ್ಕಳು. ನಾನು ನಗಲಿಲ್ಲ. ಹೆದರಿಸೋಣ ಅಂತ ಒಂದೊಂದಾಗಿ ಹೇಳಿದೆ — ಬೆನ್ನು, ಮಂಡಿ, ಭಾನುವಾರ ಅನ್ನೋದೇ ಇಲ್ಲದ ವಾರಗಳು. ಅವಳು ಸ್ಕೂಲಲ್ಲಿ ಮೊದಲ ಸಲ ಹಾಡಿದ ದಿನ ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ ಅಂತಲೂ ಹೇಳಿದೆ.

“ಗೊತ್ತು. ಅಪ್ಪ ಬಂದಿದ್ರು” ಅಂದಳು. ತಲೆ ಎತ್ತಲಿಲ್ಲ. ಬರೀತಾನೇ ಇದ್ದಳು.

ಜೂನ್ 11. ಸಂಜೆ

ಹದಿನಾಲ್ಕನೇ ಬೆಡ್ಡಿನ ಮುದುಕರ ಮಗ. ಡಾಕ್ಟರ್ ಎಲ್ಲಿ ಅಂತ ಮೂರು ಸಲ ಕೇಳಿದ. ಥಿಯೇಟರಲ್ಲಿದ್ದಾರೆ, ಬರ್ತಾರೆ ಅಂತ ಮೂರು ಸಲವೂ ಹೇಳಿದೆ. ನಾಲ್ಕನೇ ಸಲ ಕೇಳಲಿಲ್ಲ. ಹೊಡೆದ.

ಕೆನ್ನೆಗೆ. ಇಡೀ ವಾರ್ಡಿನ ಮುಂದೆ.

ಆಮೇಲೆ ಅವನಪ್ಪನಿಗೆ ಡ್ರಿಪ್ ಬದಲಾಯಿಸಿದ್ದೂ ನಾನೇ. ಹನಿ ಎಣಿಕೆ ತಪ್ಪಲಿಲ್ಲ. ಹೆಮ್ಮೆ ಅನ್ನಿಸ್ತು... ಹೆಮ್ಮೆ ಪಡೋ ವಿಷಯವಾ ಅದು?

“ದೊಡ್ಡದು ಮಾಡೋದು ಬೇಡ ಸಿಸ್ಟರ್” ಅಂದರು ಸೂಪರಿಂಟೆಂಡೆಂಟ್. ಮಾಡಲಿಲ್ಲ.

ಮನೇಲಿ, ಬೀರು ಬಾಗಿಲು ಬಡೀತು ಅಂದೆ. ಇವರು ನಂಬಿದರು. ಲೈಬ್ರರಿ ಕೆಲಸ. ಯಾರು ಏನು ಕೊಟ್ಟರೂ ತಗೊಂಡು ಸರಿಯಾದ ಜಾಗದಲ್ಲಿಟ್ಟು ಅಭ್ಯಾಸ. ಮಗಳು ಒದ್ದೆ ಬಟ್ಟೆ ತಂದು ಕೆನ್ನೆಗೆ ಒತ್ತಿ ಹಿಡಿದಳು. ತೆಗೆದು ನೋಡಿದಳು. ಮತ್ತೆ ಒತ್ತಿದಳು.

“ಬೀರು ಬಾಗಿಲಿಗೆ ಬೆರಳಿರ್ತಾವಾ ಅಮ್ಮ?”

ಬಟ್ಟೆ ಅವಳ ಕೈಯಿಂದ ತಗೊಂಡು ನಾನೇ ಒತ್ತಿಕೊಂಡೆ. ಅವಳೂ ಕೆದಕಲಿಲ್ಲ. ಇನ್ನು ಫಾರ್ಮ್ ಹರಿದು ಬಿಸಾಕ್ತಾಳೆ, ಸದ್ಯ ಬದುಕಿದೆ ಅಂದುಕೊಂಡೆ. ಊಟ ಆದ ಮೇಲೆ ನೋಡಿದರೆ ಅದಕ್ಕೆ ಫೋಟೋ ಅಂಟಿಸ್ತಾ ಕೂತಿದ್ದಾಳೆ.

ಜೂನ್ 20. ಮಧ್ಯಾಹ್ನ

ಇಂಟರ್‌ವ್ಯೂ ಮುಗಿಸಿ ಬಂದಳು. ಚಪ್ಪಲಿ ಬಿಡೋಕೂ ಪುರುಸೊತ್ತಿಲ್ಲ, ಬಾಗಿಲಲ್ಲೇ ಶುರು. ಪೇಷಂಟ್ ಇಂಜೆಕ್ಷನ್ ಬೇಡ ಅಂತ ಹಟ ಹಿಡಿದ್ರೆ ಏನ್ ಮಾಡ್ತೀಯ ಅಂತ ಕೇಳಿದರಂತೆ.

“ನೀನೇನಂದೆ?”

“ಮೊದ್ಲು ಅವರ ಪಕ್ಕ ಕೂತ್ಕೋತೀನಿ ಅಂದೆ.”

ಅತ್ತೆ ಒಳಗಿಂದ, “ನಿಮ್ಮಮ್ಮ ನನ್ನ ಪಕ್ಕ ಒಂದಿನಾನೂ ಕೂತಿಲ್ಲ, ಸೀದಾ ಚುಚ್ಚೋದೇ” ಅಂದರು. ಮೂವರೂ ನಕ್ಕೆವು.

ನಂಗೆ ಆ ಉತ್ತರ ಬರೋಕೆ ಹತ್ತು ವರ್ಷ ಸರ್ವೀಸ್ ಬೇಕಾಯ್ತು. ಅವಳಿಗೆ ಹೇಳಲಿಲ್ಲ. ಹೇಳಬಹುದಿತ್ತು.

ಜೂನ್ 24. ಬೆಳಗ್ಗೆ 11.30

ಗಡಿಯಾರದ ಫೋನ್ ಬಂದಿತ್ತು. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಇದ್ದವಳು. ಐದಕ್ಕೆ ಅಂದರೆ ಐದಕ್ಕೇ ಏಳ್ತಿದ್ದಳು, ನಮ್ಮನ್ನೂ ಎಬ್ಬಿಸಿ ಬೈಸಿಕೊಳ್ತಿದ್ದಳು. ಅದಕ್ಕೇ ಆ ಹೆಸರು. ಈಗ ಮಗಳು ಫಾರ್ಮ್ ಹಾಕಿರೋ ಸ್ಕೂಲಿನ ಪ್ರಿನ್ಸಿಪಾಲ್.

“ಒಂದೇ ಸೀಟ್ ಉಳ್ದಿದೆ ಕಣೇ. ಇಬ್ರು ಹುಡ್ಗೀರು, ಇಬ್ರದೂ ಒಂದೇ ಮಾರ್ಕ್ಸ್. ಒಬ್ಳು ನಿನ್ ಮಗ್ಳು. ನನ್ ಮನಸ್ಸು ಅವ್ಳ ಕಡೇನೇ ಇದೆ. ಆದ್ರೂ ನೀನು ತಾಯಿ, ಈ ಕೆಲ್ಸ ಬಲ್ಲೋಳು. ನೀನೇ ಹೇಳು — ತಡ್ಕೋತಾಳಾ?”

ಕಿಟಕಿಯಿಂದ ಕಾಣ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದಳು. ನನ್ನ ಯೂನಿಫಾರ್ಮ್ ಕೊಡವಿ, ಕಾಲರ್ ನೆಟ್ಟಗೆ ಮಾಡಿ, ಕ್ಲಿಪ್ ಹಾಕ್ತಿದ್ದಳು.

“ತಡ್ಕೊಳ್ಳಲ್ಲ” ಅಂದೆ.

“ನಿಜವಾಗ್ಲೂ?”

“ಮೃದು ಅವ್ಳು. ಬೇಡ.”

“ಸರಿ ಹಾಗಾದ್ರೆ” ಅಂದು ಇಟ್ಟಳು. ಪೂರ್ತಿ ಎರಡು ನಿಮಿಷವೂ ಆಗಿರಲಿಲ್ಲ.

ಒಳ್ಳೇದೇ ಆಯ್ತು. ಅವಳ ಒಳ್ಳೇದಕ್ಕೇ. ಹೊಡೆಸಿಕೊಳ್ಳೋದು ನನ್ನ ತಲೆಗೇ ಮುಗೀಲಿ.

...ಬಟ್ಟೆ ಬುಟ್ಟಿ ಹಿಡಕೊಂಡು ಒಳಗೆ ಬಂದು “ಯಾರು ಫೋನು?” ಅಂದಳು. ಡ್ಯೂಟಿ ವಿಷಯ ಅಂದೆ.

ಜುಲೈ 2

ಲಿಸ್ಟ್ ಬಂತು. ಅವಳಿಲ್ಲ.

ಅಳ್ತಾಳೆ ಅಂತ ಕಾದೆ. ಅಳಲಿಲ್ಲ. ಸಿಂಕಿನಲ್ಲಿದ್ದ ಪಾತ್ರೆಯೆಲ್ಲ ತೊಳೆದಳು, ತೊಳೆದದ್ದನ್ನೇ ಇನ್ನೊಂದು ಸಲ ತೊಳೆದಳು.

“ಕೂತ್ಕೋತೀನಿ ಅಂದಿದ್ದೇ ತಪ್ಪಾಯ್ತೇನೋ. ಇಂಜೆಕ್ಷನ್ ಕೊಡ್ತೀನಿ ಅನ್ಬೇಕಿತ್ತು.”

“ಹಾಗೇನಿರಲ್ಲ ಬಿಡು” ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಸೆಪ್ಟೆಂಬರ್ 14, ಭಾನುವಾರ

ಎರಡು ತಿಂಗಳು ಬರೆದೇ ಇಲ್ಲ. ಬರೆಯೋಕೆ ಕೂತರೆ ಹಿಂದಿನ ಪುಟ ಕಾಣುತ್ತೆ.

ಮಗಳಿಗೆ ಕನ್ನಡಕದ ಅಂಗಡೀಲಿ ಕೆಲಸ. ಫ್ರೇಮ್ ತೋರಿಸೋದು, ಕಿವಿ ಹಿಂದೆ ಸರಿಯಾಗಿ ಕೂರಿಸೋದು. ದಿನಕ್ಕೆ ಒಂಬತ್ತು ಗಂಟೆ. ಗಿರಾಕಿ ಇಲ್ಲದಿದ್ದರೂ ಕೂರೋ ಹಾಗಿಲ್ಲವಂತೆ. ನಿನ್ನೆ ಕಾಲು ಊದಿಸಿಕೊಂಡು ಬಂದಳು. ನಿಲ್ಲೋದು ಯಾವ ಕೆಲಸದಲ್ಲಿ ತಪ್ಪುತ್ತೆ? ಯಾರೋ ಗಿರಾಕಿ ಕನ್ನಡಕ ಮುಖಕ್ಕೆ ಎಸೆದನಂತೆ, ನಗ್ತಾ ಹೇಳಿದಳು.

ನಾನು ಯಾವುದರಿಂದ ಕಾಪಾಡಿದೆ ಅವಳನ್ನ?

ನವೆಂಬರ್ 10. ಬೆಳಗ್ಗೆ

ಅತ್ತೆ ಹೋದರು. ನಿನ್ನೆ ಸಂಜೆ 4.25ಕ್ಕೆ.

ಮೂರು ವಾರದಿಂದ ಹಾಸಿಗೆ ಹಿಡಿದಿದ್ದರು. ಎದೆಯಲ್ಲಿ ಕಫ, ಈ ವಯಸ್ಸಿಗೆ ಆಸ್ಪತ್ರೆ ಬೇಡ, ಮನೇಲೇ ನೋಡಿಕೊಳ್ಳಿ ಅಂದಿದ್ದರು ಡಾಕ್ಟರ್. ಮಗಳು ಅಂಗಡಿಗೆ ರಜೆ ಹಾಕಿ ನಿಂತಳು. ನಂಗೆ ರಜೆ ಸಿಗಲಿಲ್ಲ. ನಿನ್ನೆಯೂ ಡ್ಯೂಟಿ. ಇವರು ಔಷಧಿ ತರೋಕೆ ಹೋಗಿದ್ದಾಗಲೇ ಆಯ್ತು. ಕೊನೇ ಗಳಿಗೇಲಿ ಹತ್ತಿರ ಇದ್ದವಳು ಅವಳೊಬ್ಬಳೇ.

ನಾನು ಬರೋ ಹೊತ್ತಿಗೆ ಮೈ ಒರೆಸಿ, ಬಟ್ಟೆ ಬದಲಾಯಿಸಿ, ತಲೆ ಬಾಚಿ, ಕೈ ಜೋಡಿಸಿ ಮಲಗಿಸಿದ್ದಳು. ಬೆನ್ನು ನೋಡಿದೆ. ಮೂರು ವಾರ ಮಲಗಿದ ಮುದುಕಿಗೆ ಒಂದೇ ಒಂದು ಬೆಡ್‌ಸೋರ್ ಹುಣ್ಣಿಲ್ಲ. ನಮ್ಮ ವಾರ್ಡಿನಲ್ಲಿ ಇದನ್ನ ತೋರಿಸಿ ಅಂದರೆ ತೋರಿಸೋಕಾಗಲ್ಲ.

ದಿಂಬಿನ ಪಕ್ಕ ಹಳೇ ನೋಟ್‌ಬುಕ್. ಗೆರೆ ಎಳೆದು ಚಾರ್ಟ್ ಮಾಡಿದ್ದಳು. ಎಷ್ಟು ನೀರು ಕುಡಿದರು, ಎಷ್ಟು ಹೊತ್ತಿಗೆ ಮಗ್ಗುಲು ಬದಲಾಯಿಸಿದ್ದು, ನಾಡಿ, ಉಸಿರು. ಎರಡೆರಡು ಗಂಟೆಗೆ. ಯಾರು ಕಲಿಸಿದರು? ನಾನಂತೂ ಅಲ್ಲ. ನಿನ್ನೆಯ ಪುಟ:

2.00 — ಎಡ ಮಗ್ಗುಲು. ನೀರು ಎರಡು ಚಮಚ.
3.30 — ಉಸಿರು ನಿಧಾನ. ನಿಮಿಷಕ್ಕೆ ಹತ್ತು.
4.10 — ಅಮ್ಮನ್ನ ಕೇಳಿದರು. ದಾರೀಲಿದ್ದಾಳೆ ಅಂದೆ. ಪಕ್ಕ ಕೂತಿದ್ದೀನಿ.
4.25

ಅದರ ಮುಂದೆ ಏನೂ ಬರೆದಿಲ್ಲ.

ಯಾರಿಗೆ ಮೃದು ಅಂದೆ ನಾನು.

ನವೆಂಬರ್ 22

ಸ್ಕೂಲಿಗೆ ಹೋಗಿ ಗಡಿಯಾರದ ಮುಂದೆ ಕೂತೆ. ಹೇಗಾದರೂ ಮಾಡಿ ಸೇರಿಸ್ಕೊಳ್ಳೇ ಅಂದೆ.

“ಈಗ ಹೆಂಗಾಗುತ್ತೆ? ಅರ್ಧ ವರ್ಷ ಕಳ್ದೋಯ್ತು. ಅವಳ ಬದ್ಲು ತಗೊಂಡೆನಲ್ಲ, ಆ ಹುಡ್ಗಿ ಮೂರೇ ತಿಂಗಳಿಗೆ ಬಿಟ್ಟು ಹೋದ್ಲು. ಆ ಸೀಟ್ ಖಾಲಿ ಬಿದ್ದಿದೆ, ತುಂಬೋ ಹಾಗೂ ಇಲ್ಲ.” ರಿಜಿಸ್ಟರ್ ಮುಚ್ಚಿದಳು. “ತಾಯೀನೇ ಬೇಡ ಅಂದ್ಮೇಲೆ ನಾನಿನ್ನೇನ್ ಮಾಡ್ಲಿ ಹೇಳು?”

ತರಗತಿ ಬಾಗಿಲು ತೆರೆದಿತ್ತು. ಹುಡುಗಿಯರು ರಬ್ಬರ್ ಬೊಂಬೆಯನ್ನ ಮಗ್ಗುಲು ಬದಲಾಯಿಸೋದು ಕಲೀತಿದ್ದರು.

ನವೆಂಬರ್ 23, ಭಾನುವಾರ. ಬೆಳಗ್ಗೆ 10

ಹೇಳಿಬಿಟ್ಟೆ.

ಅಡುಗೆಮನೇಲಿ ತರಕಾರಿ ಹೆಚ್ತಿದ್ದಳು. ಚಾಕು ಕೆಳಗಿಟ್ಟಳು.

“ಏನಂದೆ? ಅದೇ ಮಾತು ಹೇಳು.”

“ತಡ್ಕೊಳ್ಳಲ್ಲ ಅಂದೆ.”

“ಆಮೇಲೆ?”

“ಮೃದು ಅಂದೆ. ಬೇಡ ಅಂದೆ.”

“ನನ್ನನ್ನ ಕೇಳಿದ್ಯಾ?”

“ಇಲ್ಲ.”

“ನಿಮ್ಮಪ್ಪ ನಿನ್ನನ್ನ ಕೇಳ್ಲಿಲ್ಲ ಅಂತ ಇಪ್ಪತ್ತಾರು ವರ್ಷ ಕೊರಗ್ಕೊಂಡು ಬಂದೆ ನೀನು.”

ಕೂಗಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ಹೆದರಿಕೆಯಾಗಿತ್ತು ಕಣೇ, ನಿನ್ನ ಕೆನ್ನೆಗೆ ಯಾರೂ... ಅಂತ ಶುರು ಮಾಡಿದೆ. ಕೈ ಅಡ್ಡ ಹಿಡಿದಳು.

“ಆಗಲ್ಲ ಅನ್ನಿಸಿದ್ರೆ ನಾನೇ ಬಿಟ್ಟು ಬರ್ತಿದ್ದೆ. ಅದು ಗೊತ್ತಾಗೋಕಾದ್ರೂ ಬಿಡ್ಬೇಕಿತ್ತು.”

ಉಳಿದ ತರಕಾರಿ ಹೆಚ್ಚಿ ಮುಗಿಸಿಯೇ ಎದ್ದು ಹೋದಳು.

ಜನವರಿ 6

ಮಾತಿಲ್ಲ ಅಂತಲ್ಲ. “ಗ್ಯಾಸ್ ಮುಗ್ದಿದೆ.” “ಕೀ ಕಿಟಕೀಲಿದೆ.” ಅಷ್ಟೇ. ಮಾತಿನ ಮುಂದೆ ಅಮ್ಮ ಅನ್ನೋದು ಇಲ್ಲ. ಇವರಿಗೂ ಎಲ್ಲ ಗೊತ್ತಾಗಿದೆ. ಬೈಯಲಿಲ್ಲ. “ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತು” ಅಂದರು. ಬೈದಿದ್ದರೇ ಸುಖ ಇತ್ತು.

ಏಪ್ರಿಲ್ 18. ಮಧ್ಯಾಹ್ನ 3

ಮೇಜಿನ ಮೇಲೆ ಹೊಸ ಫಾರ್ಮ್. ಬೇರೆ ಊರಿನ ಸ್ಕೂಲು, ರೈಲಲ್ಲಿ ಹನ್ನೊಂದು ಗಂಟೆ. ಅವಳು ಅಂಗಡೀಲಿ. ಮುಟ್ಟಬಾರದಿತ್ತು. ಮುಟ್ಟಿದೆ.

ದುಂಡಗಿನ ಅಕ್ಷರ, ಎಲ್ಲೂ ಚಿತ್ತಿಲ್ಲ. ಪೋಷಕರ ಸಹಿ ಇದ್ದ ಕಡೆ ಇವರ ಸಹಿ. ಎರಡನೇ ಪುಟದಲ್ಲಿ ಒಂದು ಪ್ರಶ್ನೆ — ಕುಟುಂಬದಲ್ಲಿ ಯಾರಾದರೂ ಶುಶ್ರೂಷಾ ವೃತ್ತಿಯಲ್ಲಿ ಇದ್ದಾರೆಯೇ?

‘ಇಲ್ಲ’ ಅಂತ ಬರೆದಿದ್ದಾಳೆ.

ಯಾರೂ ಫೋನ್ ಮಾಡಿ ಕೇಳದಿರಲಿ ಅಂತ ಹಾಗೆ ಬರೆದಿದ್ದಾಳೆ. ಅಷ್ಟೇ ಇರಬೇಕು. ಅಷ್ಟೇ ಅಂದುಕೊಳ್ತೀನಿ.

ಫಾರ್ಮನ್ನ ಇದ್ದ ಹಾಗೇ ಇಟ್ಟೆ. ಮೇಲೆ ಪೆನ್ನು ಯಾವ ಕಡೆ ತಿರುಗಿತ್ತೋ ಆ ಕಡೆಗೇ.

ಜೂನ್ 29. ಬೆಳಗ್ಗೆ 6.20

ಸೀಟ್ ಸಿಕ್ಕಿದೆ. ಲಿಸ್ಟಿನಲ್ಲಿ ಮೂರನೇ ಹೆಸರು. ಇವತ್ತು ಹೊರಡ್ತಾಳೆ. ಇವರು ಜೊತೆಗೆ ಹೋಗಿ ಬಿಟ್ಟು ಬರ್ತಾರೆ. ನಾನು ಡ್ಯೂಟಿ ಬದಲಾಯಿಸಿಕೊಂಡು ಮನೇಲೇ ಇದ್ದೀನಿ. ಬಾ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಾಲ್ಕಕ್ಕೇ ಎದ್ದೆ. ಹೇಳಬೇಕಾದ್ದು ಒಂದಷ್ಟಿದೆ. ಮೊದಲ ವಾರ ವಾಸನೆಗೆ ಊಟ ಸೇರಲ್ಲ, ಹೆದರಬೇಡ. ಭಾರ ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಮೊದಲ ಪೇಷಂಟ್ ಹೋದಾಗ ಎಲ್ಲಾದರೂ ಒಂದು ಕಡೆ ನಿಂತು ಅತ್ತುಬಿಡು, ತಪ್ಪಲ್ಲ. ಚೀಟೀಲಿ ಬರೆದೆ. ಬ್ಯಾಗಿನಲ್ಲಿ ಹಾಕೋಣ ಅಂದರೆ ಜಿಪ್ ಎಳೆದು ಬೀಗ ಹಾಕಿದ್ದಾಳೆ. ಕೈಗೇ ಕೊಡಬೇಕು. ಕೊಟ್ಟರೆ ತಗೋತಾಳಾ...

ಬೀದೀಲಿ ಹಾರ್ನ್.

“ಅಪ್ಪಾ, ಗಾಡಿ ಬಂತು” ಅಂತ ಹಜಾರದಿಂದ ಕೂಗಿದಳು. ಅಪ್ಪನನ್ನೇ.

ಬ್ಯಾಗ್ ಒಂದು ಕಡೆಯಾದರೂ ನಾನು ಹಿಡ್ಕೊಂಡು ಗೇಟ್ ತನಕ ಹೋಗ್ತೀನಿ. ಚೀಟಿ ಕೈಯಲ್ಲೇ ಇದೆ.