ಹೆಸರಿನ ಪಕ್ಕದ ಹಸಿರು ದೀಪ

ಸೇಡಂ
ನವೆಂಬರ್ ೨೦೦೯

ಪ್ರಮಿತಾಳ ಅಪ್ಪನವರಿಗೆ,

ಭಾನುವಾರ ವಾಡಿಯಿಂದ ರಜೆಗೆ ಮನೆಗೆ ಬಂದಾಗ ನನ್ನ ಸ್ಲೇಟಿನಂಥ ಇ-ಬುಕ್ ರೀಡರ್ ನೋಡಿ, "ಮನಿ ತುಂಬ ಪುಸ್ತಕ ಅವ, ಮತ್ತ ಈ ಪಾಟಿ ಯಾಕ ತಗೊಂಡಿ?" ಎಂದು ನಕ್ಕಿರಿ. ಎದುರಿಗೆ ಹೇಳಲಾಗಲಿಲ್ಲ.

ನಮ್ಮ ಪಮ್ಮಿ ಅಮ್ಮನಿಗೆಂದು ಸ್ಕ್ಯಾನ್ ಮಾಡಿಟ್ಟ ಕವಿತೆಗಳೆಲ್ಲ ಕಂಪ್ಯೂಟರಿನಲ್ಲಿವೆ. ಓದಲು ಕುಳಿತರೆ, ಅವಳು ತೀರಿಕೊಂಡ ಮೇಲೂ, ಚಾಟ್‌ನಲ್ಲಿ ಅವಳ ಹೆಸರಿನ ಪಕ್ಕ ಹಸಿರು ದೀಪ ಹತ್ತುತ್ತದೆ. ಮೊದಲ ಸಲ ಮೈಮರೆತು, "ಊಟ ಆತೇನ ಪಮ್ಮೀ?" ಎಂದು ಬರೆದುಬಿಟ್ಟೆ. ದೀಪ ತಟ್ಟನೆ ಆರಿತು. ಅವಳ ಪಾಸ್‌ವರ್ಡ್ ಗೊತ್ತಿರುವುದು ನಿಮಗೊಬ್ಬರಿಗೇ. ಅವಳ ಹಳೆಯ ಮೇಲ್‌ಗಳನ್ನು ಓದಲು ನೀವು ತೆರೆದಾಗಲೆಲ್ಲ ಆ ದೀಪ ಹತ್ತುತ್ತದೆಂದು ಆಗ ತಿಳಿಯಿತು. ಅಂದಿನಿಂದ ಕವಿತೆಯ ಒಂದು ಸಾಲೂ ತಲೆಗೆ ಹೋಗಲಿಲ್ಲ, ಕಣ್ಣು ಆ ಮೂಲೆಯಲ್ಲೇ. ಅದಕ್ಕೇ ಇದನ್ನು ತರಿಸಿದೆ. ಇದರಲ್ಲಿ ಕವಿತೆಗಳಷ್ಟೇ ಇವೆ.

ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡಿ ಎನ್ನಲೆಂದೇ ಪತ್ರ ಶುರುಮಾಡಿದ್ದೆ. ಆದರೆ ನಿನ್ನೆ ಸಂಜೆ ಎರಡು ಕವಿತೆ ಓದಿ, ರೀಡರ್ ಮುಚ್ಚಿಟ್ಟು, ಮತ್ತೆ ಕಂಪ್ಯೂಟರ್ ಮುಂದೆಯೇ ಹೋಗಿ ಕುಳಿತೆ.

ಶೀತಕ್ಕೆ ಕಷಾಯದ ಪುಡಿ ಕಳಿಸಿದ್ದೇನೆ, ಕುಡಿಯಿರಿ. ನಾಳೆಯೂ ಅವಳ ಮೇಲ್ ತೆರೆಯಿರಿ. ನಾನು ಏನೂ ಬರೆಯುವುದಿಲ್ಲ, ದೀಪ ಬೇಗ ಆರಿಸಬೇಡಿ.

ನಿಮ್ಮ
ಪದ್ಮಜಾ